ಪುಸ್ತಕ ನೋಡೋ ನೆಪ

– ಅಲ್ಲ ಕಣೇ, ಅಂಗಡಿಗಳ ಚರಿತ್ರೆ ಬರೆಯೋಕೆ ಅಟ್ಲಾಂಟಾವರೆಗೆ ಹೋಗ್ಬೇಕಿತ್ತಾ? ನಾನು ಜೀವಮಾನವೆಲ್ಲ ಪುಸ್ತಕದಂಗಡೀಲಿ ಲೆಕ್ಕ ಬರೆದೋಳು. ನನ್ನನ್ನೇ ಕೇಳಿದ್ದಿದ್ರೆ ಒಂದು ಕಾಫಿ ಮುಗಿಯೋದ್ರೊಳಗೆ ಹೇಳಿಬಿಡ್ತಿದ್ದೆ. ಬಾಡಿಗೆ ಏರಿತು, ಕಮಿಷನ್ ಇಳೀತು, ಶಟರ್ ಎಳೆದರು.

– ಅದು ಕೊನೇ ಅಧ್ಯಾಯ ಅತ್ತೆ. ಅದಕ್ಕೆ ನಿಮ್ಮ ಹತ್ರಾನೇ ಬರ್ತೀನಿ. ಮೊದಲ ಅಧ್ಯಾಯ ಬೇರೆ ಇದೆ. 1970ರಲ್ಲಿ ಮಿನಿಯಾಪೊಲಿಸ್ ಊರಲ್ಲಿ ಕೆಲವು ಹೆಂಗಸರು ಒಟ್ಟಿಗೆ ವಾಸ ಮಾಡ್ತಿದ್ದ ಮನೆಯ ಜಗಲಿ ಮೇಲೆ ರೊಸಿನಾ ರಿಕ್ಟರ್, ಜೂಲಿ ಮೋರ್ಸ್ ಅನ್ನೋ ಇಬ್ಬರು ಪುಸ್ತಕ ಜೋಡಿಸಿಕೊಂಡು ಕೂತರು. ಅಂಗಡಿಗೆ ಅಮೆಜಾನ್ ಅಂತ ಹೆಸರಿಟ್ಟರು.

– ಅಮೆಜಾನ್? ಆ ಅಮೆಜಾನಾ?

– ಅದಲ್ಲ. ಅವರು ಮಾರಾಟ ಶುರು ಮಾಡಿದ್ದು 1995ರಲ್ಲಿ. ಇವರು ಅದಕ್ಕಿಂತ ಕಾಲು ಶತಮಾನ ಮೊದಲು. ಇಬ್ಬರಿಗೂ ಆಮೇಲೆ ಒಂದು ವ್ಯಾಜ್ಯ ಆಯಿತು, ಅದನ್ನ ಕೊನೆಗೆ ಹೇಳ್ತೀನಿ. ಅದೇ 1970ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ‘ಎ ವುಮನ್ಸ್ ಪ್ಲೇಸ್’ ಅನ್ನೋ ಅಂಗಡಿಯೂ ಶುರುವಾಯಿತು. ಆಲಿಸ್ ಮೊಲೋಯ್, ಕ್ಯಾರೊಲ್ ವಿಲ್ಸನ್ ಮತ್ತೆ ಅವರ ಜೊತೆಯವರು. ಕವಿ ಜೂಡಿ ಗ್ರಾನ್ ಇದ್ದ ಹೆಂಗಸರ ಮುದ್ರಣಾಲಯವೂ ಅದೇ ಕಟ್ಟಡದಲ್ಲಿ ನಡೀತಿತ್ತು. ಹಿಂದೆ ಅಚ್ಚು, ಮುಂದೆ ಮಾರಾಟ.

– ಸಾಗಾಟದ ಖರ್ಚು ಉಳೀತು.

– ನಿಮಗೆ ಮೊದಲು ಕಾಣೋದು ಅದೇ!

– ಮತ್ತೆ? ಸರಿ, ಒಂದು ಕೇಳ್ತೀನಿ. ಹೆಂಗಸರ ಅಂಗಡಿ ಅನ್ನು, ಸ್ತ್ರೀವಾದಿ ಅಂಗಡಿ ಅನ್ನು, ಒಪ್ತೀನಿ. ನಿನ್ನ ಥೀಸಿಸ್ಸಿನ ಹೆಸರಲ್ಲಿ ಲೆಸ್ಬಿಯನ್ ಅಂತಲೂ ಹಾಕಿದೀಯ. ಬೋರ್ಡಿನ ಮೇಲೆ ಹಾಗಂತ ಬರೆದಿದ್ರಾ?

– ಹೆಚ್ಚಿನ ಕಡೆ ಬೋರ್ಡಿನ ಮೇಲೆ ‘ಹೆಂಗಸರ ಪುಸ್ತಕದಂಗಡಿ’ ಅಂತಲೇ ಇತ್ತು. ಆದ್ರೆ ಬೆಳಿಗ್ಗೆ ಬೀಗ ತೆಗೆದೋರು ಯಾರು, ಸಂಬಳ ಇಲ್ಲದೆ ಶನಿವಾರವೂ ಕೌಂಟರಿನಲ್ಲಿ ನಿಂತೋರು ಯಾರು, ನಷ್ಟ ಆದಾಗ ಕೈಯಿಂದ ಹಾಕಿದೋರು ಯಾರು ಅಂತ ನೋಡಿದ್ರೆ ಬಹುಪಾಲು ಲೆಸ್ಬಿಯನ್ನರೇ. ಗಂಡ ಮಕ್ಕಳಿದ್ದ ಸ್ತ್ರೀವಾದಿಗೆ ಅಂಗಡಿ ಹೋಗಿಬರೋ ಜಾಗ. ಇವರಿಗೆ ಊರಲ್ಲಿ ಬೇರೆ ಜಾಗವೇ ಇರಲಿಲ್ಲ.

– ಯಾಕೆ, ಅಮೆರಿಕ ಅಲ್ಲವಾ ಅದು?

– ಅಮೆರಿಕವೇ. ಅಲ್ಲಿನ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರ ಡಿಸೆಂಬರಿನಲ್ಲಿ. ಅಂದ್ರೆ ಅಮೆಜಾನ್ ಜಗಲಿಯಲ್ಲಿ ಪುಸ್ತಕ ಮಾರೋಕೆ ಕೂತಾಗ ಅವರೆಲ್ಲ ಕಾಗದದ ಮೇಲೆ ರೋಗಿಗಳು. ವಿಚ್ಛೇದನ ಆದ ತಾಯಿ ಇನ್ನೊಬ್ಬ ಹೆಂಗಸಿನ ಜೊತೆ ಬಾಳ್ತಿದಾಳೆ ಅಂತ ಗೊತ್ತಾದ್ರೆ ನ್ಯಾಯಾಲಯ ಮಗುವನ್ನ ಅಪ್ಪನ ಕೈಗೆ ಕೊಡ್ತಿತ್ತು. ಅಂಥ ತಾಯಂದಿರ ಮೊಕದ್ದಮೆಗೆ ದುಡ್ಡು ಕೂಡಿಸೋಕೇ ಅಂತ 1974ರಲ್ಲಿ ಸಿಯಾಟಲ್‌ನಲ್ಲಿ ಒಂದು ನಿಧಿ ಕಟ್ಟಬೇಕಾಯಿತು.

– ಹಾಗಾದ್ರೆ ಇವರೆಲ್ಲ ಒಬ್ಬರಿಗೊಬ್ಬರು ಸಿಗ್ತಿದ್ದದ್ದು ಎಲ್ಲಿ?

– ಬಾರುಗಳಲ್ಲಿ. ಕತ್ತಲಾದ ಮೇಲೆ. ಪೊಲೀಸರು ನುಗ್ಗೋ ಭಯ, ಮರುದಿನ ಪೇಪರಿನಲ್ಲಿ ಹೆಸರು ಬರೋ ಭಯ. ಕುಡಿಯದೋರಿಗೆ ಅಲ್ಲಿ ಏನು ಕೆಲಸ? ಹದಿನೇಳರ ಹುಡುಗಿಗೆ ಬಾಗಿಲಲ್ಲೇ ತಡೆ. ಕ್ಯಾಲಿಫೋರ್ನಿಯಾದಲ್ಲಂತೂ 1971ರವರೆಗೆ ಬಾರ್ ಕೌಂಟರಿನ ಹಿಂದೆ ಹೆಂಗಸನ್ನ ಕೆಲಸಕ್ಕೆ ಇಟ್ಟುಕೊಳ್ಳೋದಕ್ಕೇ ಕಾನೂನಿನ ತಡೆ ಇತ್ತು. ಹೆಂಗಸರಿಗೇ ಅಂತ ಇದ್ದ ಬಾರಿನಲ್ಲೂ ಗ್ಲಾಸು ತುಂಬೋದಕ್ಕೆ ಎಷ್ಟೋ ಸಲ ಗಂಡಸು. ಬಾರು ಬಿಟ್ರೆ ಸಂಘ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ‘ಡಾಟರ್ಸ್ ಆಫ್ ಬಿಲಿಟಿಸ್’ ಅನ್ನೋ ಗುಂಪಿತ್ತು, ‘ದ ಲ್ಯಾಡರ್’ ಅಂತ ಪತ್ರಿಕೆ ತರ್ತಿತ್ತು. ಆದ್ರೆ ಸಂಘಕ್ಕೆ ಸೇರ್ಬೇಕು ಅಂದ್ರೆ ಸದಸ್ಯರ ಪಟ್ಟೀಲಿ ಹೆಸರು ಬರಿಸ್ಬೇಕಲ್ಲ. ಆ ಪಟ್ಟಿ ಯಾರ ಕೈಗೆ ಸಿಗುತ್ತೋ ಅನ್ನೋ ಅಂಜಿಕೆ.

– ಅಂಗಡಿಗೆ ಹೆಸರು ಬರಿಸೋದು ಬೇಡ.

– ನಾನು ಹೇಳೋಕೆ ಹೊರಟಿದ್ದೇ ಅದು ಅತ್ತೆ. ಹಗಲು ಹೊತ್ತು, ರಸ್ತೆ ಬದಿ, ತೆರೆದ ಬಾಗಿಲು. ಯಾರಾದ್ರೂ ನೋಡಿದ್ರೆ ಪುಸ್ತಕ ನೋಡ್ತಿದ್ದೆ ಅನ್ನಬಹುದು. ಏನೂ ಕೊಳ್ಳದೆ ಹೋಗಬಹುದು. ಮುಂದಿನ ವಾರ ಮತ್ತೆ ಬರಬಹುದು.

– ಬರೀ ಓದೋದಕ್ಕೇ ಆದ್ರೆ ಗ್ರಂಥಾಲಯ ಇರಲಿಲ್ವಾ? ಪುಕ್ಕಟೆ.

– ಇತ್ತು. ಆದ್ರೆ ಕ್ಯಾಟಲಾಗ್ ಕಾರ್ಡಿನಲ್ಲಿ ಇವರ ವಿಷಯ ಎಲ್ಲಿ ಸಿಗ್ತಿತ್ತು ಗೊತ್ತಾ? ವಿಕೃತಿ, ಮನೋವಿಕಾರ ಇಂಥ ತಲೆಬರಹಗಳ ಕೆಳಗೆ. ಬಾರ್ಬರಾ ಗಿಟಿಂಗ್ಸ್ ಅಂತ ಒಬ್ಬರು, ವಿದ್ಯಾರ್ಥಿನಿಯಾಗಿದ್ದಾಗ ತನ್ನ ಬಗ್ಗೆ ತಾನು ತಿಳ್ಕೊಳ್ಳೋಕೆ ಗ್ರಂಥಾಲಯ ಗ್ರಂಥಾಲಯ ಅಲೆದೋರು. 1970ರ ದಶಕದಲ್ಲಿ ಅಮೆರಿಕದ ಗ್ರಂಥಾಲಯ ಸಂಘದೊಳಗೇ ಕೂತು ಆ ಕಪಾಟುಗಳನ್ನ ಸರಿ ಮಾಡಿಸೋಕೆ ವರ್ಷಗಟ್ಟಲೆ ಹೋರಾಡಿದರು. ಔಷಧಿ ಅಂಗಡಿಗಳಲ್ಲಿ ತಿರುಗೋ ಸ್ಟ್ಯಾಂಡಿಗೆ ಸಿಕ್ಕಿಸಿಡ್ತಿದ್ದ ಅಗ್ಗದ ಕಾದಂಬರಿಗಳಿದ್ದವು, ಅದು ಇನ್ನೊಂದು ದಾರಿ. ಅವುಗಳಲ್ಲಿ ಹೆಣ್ಣನ್ನ ಪ್ರೀತಿಸಿದ ಹೆಣ್ಣು ಕೊನೇ ಪುಟದ ಹೊತ್ತಿಗೆ ಒಂದೋ ಸಾಯಬೇಕು, ಒಂದೋ ಹುಚ್ಚಿ ಆಗಬೇಕು, ಇಲ್ಲಾ ಯಾರನ್ನಾದ್ರೂ ಮದುವೆ ಆಗಿ ನೆಟ್ಟಗಾಗಬೇಕು.

– ನಮ್ಮ ಹಳೇ ಸಿನಿಮಾದಲ್ಲಿ ವಿಧವೆ ಪ್ರೀತಿಸಿದ್ರೂ ಅಷ್ಟೇ ಆಗ್ತಿತ್ತು ಬಿಡು. ಹೂಂ, ಈಗ ನನಗೆ ಒಂದು ನೆನಪಾಗ್ತಿದೆ. ಹೇಳಲಾ? 1999ರಲ್ಲೋ ಅದರ ಮರುವರ್ಷವೋ, ನಮ್ಮ ಅಂಗಡಿಗೆ ‘ಫೇಸಿಂಗ್ ದ ಮಿರರ್’ ಅಂತ ಒಂದು ಪುಸ್ತಕ ಬಂದಿತ್ತು.

– ಅಶ್ವಿನಿ ಸುಕ್ತಂಕರ್ ಸಂಪಾದಿಸಿದ್ದು. ಪೆಂಗ್ವಿನ್ ತಂದದ್ದು. ಭಾರತದ ಲೆಸ್ಬಿಯನ್ನರೇ ಬರೆದ ಬರಹಗಳ ಸಂಕಲನ. ಎಷ್ಟೋ ಜನ ಅದರಲ್ಲಿ ಹೆಸರು ಮರೆಸಿ ಬರೆದಿದಾರೆ.

– ಇರಬಹುದು, ನಾನು ಓದ್ಲಿಲ್ಲ. ದಾಸ್ತಾನು ಪಟ್ಟೀಲಿ ಬರ್ಕೊಂಡಿದ್ದು ನೆನಪು. ಚೂಡಿದಾರದ ಒಂದು ಹುಡುಗಿ ಮೂಲೇಲಿ ನಿಂತು ಅದನ್ನ ತಿರುವಿ ಹಾಕ್ತಿದ್ಲು. ಅದರ ಮೇಲೆ ಇನ್ನೊಂದು ಪುಸ್ತಕ ಇಟ್ಕೊಂಡು, ಅಡುಗೆ ಪುಸ್ತಕ ಅಂತ ಕಾಣುತ್ತೆ. ಕೊನೆಗೆ ಗಲ್ಲಾ ಹತ್ರ ಬಂದು, ‘ಮೇಡಂ, ಬಿಲ್ಲಿನಲ್ಲಿ ಹೆಸರು ಹಾಕ್ಬೇಡಿ, ಪುಸ್ತಕ ಒಂದು ಅಂತ ಬರೀರಿ’ ಅಂದ್ಲು. ನಾನು ಆಗೋಲ್ಲಮ್ಮ, ಲೆಕ್ಕಕ್ಕೆ ಹೆಸರು ಬೇಕು ಅಂದೆ. ಅವಳು ಪುಸ್ತಕ ಅಲ್ಲೇ ಇಟ್ಟು ಹೊರಟಳು. ಆಗ ನನಗೆ ಏನನ್ನಿಸಿತೋ, ಕರೆದು ಬಿಲ್ಲೇ ಇಲ್ಲದೆ ಕೊಟ್ಟೆ. ಸಂಜೆ ಆ ಹೆಸರಿಗೆ ಬೇರೆ ಬಿಲ್ಲು ಹರಿದು ಲೆಕ್ಕ ಸರಿ ಮಾಡಿದೆ.

– ಅತ್ತೆ! ಇದನ್ನ ಇಷ್ಟು ವರ್ಷ ಹೇಳೇ ಇಲ್ಲವಲ್ಲ.

– ಏನು ಹೇಳೋದು, ಒಂದು ಬಿಲ್ಲಿನ ವಿಷಯ. ನೀನು ಮುಂದುವರಿಸು. ಅವರಿಗೆ ಬಂಡವಾಳ ಎಲ್ಲಿಂದ ಬಂತು?

– ಅದೇ ಕಷ್ಟ. ಗಂಡನ ಸಹಿ ಇಲ್ಲದೆ ಸಾಲ ಕೊಡೋಲ್ಲ ಅಂತ ಬ್ಯಾಂಕು ಹೇಳಬಾರದು ಅನ್ನೋ ಕಾನೂನು ಅಲ್ಲಿ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಶುರು ಮಾಡಿದೋರೆಲ್ಲ ಚಂದಾ ಎತ್ತಿ, ಉಳಿತಾಯ ಸುರಿದು, ಸ್ನೇಹಿತೆಯರ ಕೈಗಡ ತಗೊಂಡು ನಡೆಸಿದೋರು. ಆಮೇಲೆ ಹೆಂಗಸರದೇ ಪತ್ತಿನ ಸಂಘಗಳು ಹುಟ್ಟಿಕೊಂಡವು. ಡೆಟ್ರಾಯ್ಟ್‌ನಲ್ಲಿ 1973ರಲ್ಲಿ ಮೊದಲನೇದು. ಕ್ಯಾರೊಲ್ ಸೀಜೇ, ಪೌಲಾ ವಾಲೇಸ್ ಅಂತ ಇಬ್ಬರು 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಲೆನ್ಸಿಯಾ ರಸ್ತೇಲಿ ‘ಓಲ್ಡ್ ವೈವ್ಸ್ ಟೇಲ್ಸ್’ ತೆರೆದದ್ದು ಅಂಥ ಸಂಘದ ಸಾಲದಿಂದ. ಸೀಜೇ ಅದಕ್ಕೆ ಮೊದಲು ಓಕ್‌ಲೆಂಡಿನ ಅಂಗಡೀಲಿ ಕೆಲಸ ಕಲಿತೋರು.

– ಪತ್ತಿನ ಸಂಘ ಅಂದಮೇಲೆ ಕಂತು ಕಟ್ಟಲೇಬೇಕು. ಒಳ್ಳೇದೇ. ದೇಣಿಗೆ ದುಡ್ಡಿಗೆ ಶಿಸ್ತು ಬರೋಲ್ಲ.

– ನೀವು ಹೀಗಂತೀರ ಅಂತ ಗೊತ್ತಿತ್ತು. ಅಂಗಡಿ ಒಳಗೆ ಹೇಗಿರ್ತಿತ್ತು ಅಂತ ಕೇಳಿ. ಬಾಗಿಲ ಪಕ್ಕದ ಗೋಡೆ ತುಂಬ ಸೂಚನಾ ಫಲಕ. ಬಾಡಿಗೆಗೆ ಕೋಣೆ ಇದೆ, ಜೊತೆಗಿರೋಕೆ ಹೆಂಗಸು ಬೇಕು. ಬಡಗಿ ಕೆಲಸ ಗೊತ್ತಿರೋ ಹೆಂಗಸು ಇಂಥ ನಂಬರಿಗೆ ಸಿಗ್ತಾಳೆ. ಹೊಡೆಯೋ ಗಂಡನಿಂದ ತಪ್ಪಿಸಿಕೊಂಡೋರಿಗೆ ಆಶ್ರಯ ಎಲ್ಲಿ, ಅತ್ಯಾಚಾರ ಆದೋರಿಗೆ ಸಹಾಯ ಎಲ್ಲಿ. ನಿಮ್ಮನ್ನ ನೋಡಿ ಹಲ್ಲು ಕಡಿಯದ ಡಾಕ್ಟರು ಯಾರು, ಮಗುವನ್ನ ಉಳಿಸಿಕೊಡೋ ವಕೀಲರು ಯಾರು. ಹಾಡಿನ ಕಾರ್ಯಕ್ರಮದ ಟಿಕೇಟು ಗಲ್ಲಾದಲ್ಲೇ. ಒಲಿವಿಯಾ ರೆಕಾರ್ಡ್ಸ್ ಅನ್ನೋ ಹೆಂಗಸರ ಕಂಪನಿ 1973ರಲ್ಲಿ ಶುರುವಾಯಿತು, ಅವರ ತಟ್ಟೆಗಳೂ ಅಲ್ಲೇ. ಒಂದು ಮೂಲೇಲಿ ಮಕ್ಕಳಿಗೆ ಆಟದ ಸಾಮಾನು, ಇನ್ನೊಂದು ಕಡೆ ಹಳೇ ಸೋಫಾ. ಹೊಸ ಊರಿಗೆ ವರ್ಗವಾಗಿ ಬಂದ ಲೆಸ್ಬಿಯನ್ ಒಬ್ಬಳು ಮೊದಲು ಹುಡುಕ್ತಿದ್ದದ್ದು ಟೆಲಿಫೋನ್ ಡೈರೆಕ್ಟರೀಲಿ ಹೆಂಗಸರ ಪುಸ್ತಕದಂಗಡಿ ಇದೆಯಾ ಅಂತ.

– ಅರಳಿಕಟ್ಟೆ ಅನ್ನು.

– ಅರಳಿಕಟ್ಟೇಲಿ ಹೆಂಗಸರು ಯಾವತ್ತು ಕೂತಿದ್ರು ಅತ್ತೆ?

– ಅದೂ ನಿಜ. ಬಾವಿಕಟ್ಟೆ ಅನ್ನು ಹಾಗಾದ್ರೆ.

– ಬಾವಿಕಟ್ಟೆ ಸರಿ ಹೋಗುತ್ತೆ. ಸೊಂಟದ ಮೇಲೆ ಬಿಂದಿಗೆ ಇದ್ರೆ ಎಲ್ಲಿಗೆ ಹೊರಟೆ ಅಂತ ಯಾರೂ ಕೇಳೋಲ್ಲ.

– ನಮ್ಮಮ್ಮ ನೀರಿದ್ರೂ ಇನ್ನೊಂದು ಬಿಂದಿಗೆ ತರೋಕೆ ಹೋಗ್ತಿದ್ಲು. ಹೂಂ. ಆದ್ರೆ ನನಗೆ ಒಂದು ಹೇಳು. ಸೋಫಾ ಮೇಲೆ ಕೂತು ಹರಟಿ, ಫಲಕ ನೋಡಿ, ನಮಸ್ಕಾರ ಅಂತ ಎದ್ದುಹೋಗೋ ಗಿರಾಕಿಯಿಂದ ಬಾಡಿಗೆ ಹುಟ್ಟುತ್ತಾ? ಮಾರಾಟ ಆಗ್ತಿದ್ದದ್ದು ಏನು?

– ಮೊದಮೊದಲು ಮಾರೋಕೆ ಪುಸ್ತಕಗಳೇ ಕಮ್ಮಿ. ಕಪಾಟು ತುಂಬೋದಿಲ್ಲ ಅಂತ ಮುಖಪುಟ ಕಾಣೋ ಹಾಗೆ ಇಡ್ತಿದ್ರಂತೆ. ಬಾಸ್ಟನ್ನಿನ ಹೆಂಗಸರು ಸೇರಿ ತಮ್ಮ ದೇಹದ ಬಗ್ಗೆ ತಾವೇ ಬರೆದ ಒಂದು ಪುಸ್ತಿಕೆ 1970ರಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಬಂತು, ಬೆಲೆ 75 ಸೆಂಟು. ‘ಅವರ್ ಬಾಡೀಸ್, ಅವರ್‌ಸೆಲ್ವ್ಸ್’ ಅಂತ ಆಮೇಲೆ ಲೋಕಕ್ಕೆಲ್ಲ ಗೊತ್ತಾದದ್ದು ಅದೇ. ಹೀಗೆ ಕೈಯಿಂದ ಕೈಗೆ ಹೋಗೋ ಪುಸ್ತಿಕೆಗಳು, ರೋನಿಯೋ ಮಾಡಿದ ಪತ್ರಿಕೆಗಳು. ಆಮೇಲೆ ಸಣ್ಣ ಪ್ರಕಾಶನಗಳು ಬಂದವು. 1973ರಲ್ಲಿ ‘ಡಾಟರ್ಸ್’ ಅನ್ನೋ ಪುಟ್ಟ ಪ್ರಕಾಶನ ರೀಟಾ ಮೇ ಬ್ರೌನ್ ಅವರ ‘ರೂಬಿಫ್ರೂಟ್ ಜಂಗಲ್’ ತಂತು. ನಾಯಕಿ ಸಾಯೋಲ್ಲ, ಪಶ್ಚಾತ್ತಾಪ ಪಡೋಲ್ಲ, ನಗಿಸ್ತಾಳೆ. ದೊಡ್ಡ ಪತ್ರಿಕೆಗಳ ವಿಮರ್ಶೆಯ ಬಲ ಇಲ್ಲದೆ, ಹೆಚ್ಚಾಗಿ ಇಂಥ ಅಂಗಡಿಗಳ ಮೂಲಕ, ಒಬ್ಬರು ಇನ್ನೊಬ್ಬರಿಗೆ ಹೇಳಿ ಹೇಳಿ 70,000 ಪ್ರತಿ ಹೋಯಿತು. ಆಗ ಬ್ಯಾಂಟಮ್‌ನಂಥ ದೊಡ್ಡ ಪ್ರಕಾಶಕರು ಹಕ್ಕು ಕೊಳ್ಳೋಕೆ ಓಡಿಬಂದ್ರು.

– ನಾಯಕಿ ಬದುಕಿದ್ರೆ ಪುಸ್ತಕ ಓಡುತ್ತೆ. ತ್ರಿವೇಣಿ ಪುಸ್ತಕಕ್ಕೆ ಬರ್ತಿದ್ದ ಹೆಂಗಸರೂ ಕೊನೇಲಿ ಏನಾಗುತ್ತೆ ಅಂತ ಮೊದಲೇ ಕೇಳ್ತಿದ್ರು.

– ಬಾರ್ಬರಾ ಗ್ರಿಯರ್ ಅಂತ ಒಬ್ಬರು ಆ ‘ದ ಲ್ಯಾಡರ್’ ಪತ್ರಿಕೆಯ ಕೊನೇ ಸಂಪಾದಕಿ. ಪತ್ರಿಕೆ 1972ರಲ್ಲಿ ನಿಂತಿತು. ಅದರ ಓದುಗರ ವಿಳಾಸದ ಪಟ್ಟಿ ಅವರ ಹತ್ರ ಇತ್ತು. ಮರುವರ್ಷ ಅದನ್ನೇ ಬಂಡವಾಳ ಮಾಡ್ಕೊಂಡು ‘ನಯಾಡ್ ಪ್ರೆಸ್’ ಶುರು ಮಾಡಿದರು. ಹುಡುಗಿಗೆ ಹುಡುಗಿ ಸಿಗಲೇಬೇಕು, ಅದು ಅವರ ಕಟ್ಟುನಿಟ್ಟು. ಪ್ರೇಮಕಥೆ, ಪತ್ತೇದಾರಿ ಕಾದಂಬರಿ, ಅದೂ ಇದೂ. ಪಂಡಿತೆಯರು ಮೂಗು ಮುರೀತಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಸಿದ್ಧಾಂತದ ಪುಸ್ತಕಗಳ ಕಪಾಟನ್ನ ಹೊತ್ತದ್ದು ಈ ಕಾದಂಬರಿಗಳೇ.

– ಅದಕ್ಕೆ ಥೀಸಿಸ್ ಬೇಡ. ನಮ್ಮಲ್ಲೂ ವಿಮರ್ಶೆಯ ಪುಸ್ತಕಗಳಿಗೆ ಜಾಗ ಸಿಗ್ತಿದ್ದದ್ದು ಗೈಡುಗಳ ದಯೆಯಿಂದ. ಮುಂದೆ?

– ಮುಂದೆ ಒಮಾಹಾ. 1976ರ ಆಗಸ್ಟು ಕೊನೆ. ಅದೇ ‘ಡಾಟರ್ಸ್’ ಪ್ರಕಾಶನದ ಜೂನ್ ಆರ್ನಲ್ಡ್ ಅನ್ನೋ ಕಾದಂಬರಿಕಾರ್ತಿ, ದೇಶದ ನಡುಮಧ್ಯೆ ಇರೋ ನೆಬ್ರಾಸ್ಕಾದಲ್ಲಿ ಹೆಣ್ಣುಮಕ್ಕಳ ಶಿಬಿರಕ್ಕೆ ಅಂತ ಇದ್ದ ಜಾಗ ಹಿಡಿದು ಮುದ್ರಕಿಯರು, ಪ್ರಕಾಶಕಿಯರು, ಅಂಗಡಿಯವರು ಎಲ್ಲರನ್ನೂ ಕರೆದರು. ನೂರಕ್ಕೂ ಹೆಚ್ಚು ಹೆಂಗಸರು ಬಂದರು. ಸೆಖೆಯಲ್ಲಿ ಒಂದು ವಾರ ಕೂತು ಮಾತಾಡಿದರು: ಕಾಗದ ಎಲ್ಲಿ ಅಗ್ಗ, ಯಾವ ಪ್ರಕಾಶಕ ವಾಪಸ್ ಪುಸ್ತಕ ತಗೋತಾನೆ, ಯಾರು ಉದ್ರಿ ಕೊಡ್ತಾರೆ. ಅಲ್ಲಿಂದ ವಾಪಸು ಬಂದು ಕ್ಯಾರೊಲ್ ಸೀಜೇ ಅಂಗಡಿ ಅಂಗಡಿಗಳ ನಡುವೆ ಒಂದು ಸುದ್ದಿಪತ್ರ ಶುರು ಮಾಡಿದರು. ಅದೇ ಬೆಳೆದು ‘ಫೆಮಿನಿಸ್ಟ್ ಬುಕ್‌ಸ್ಟೋರ್ ನ್ಯೂಸ್’ ಆಯಿತು, 2000ದವರೆಗೆ ನಡೀತು. ಯಾವ ಒಳ್ಳೇ ಪುಸ್ತಕ ಮರುಮುದ್ರಣ ಆಗದೆ ನಿಂತಿದೆ, ಅದನ್ನ ಯಾರ ಕೈಲಿ ಮಾಡಿಸಬೇಕು ಅಂತ ಪಟ್ಟಿ ಮಾಡಿ ಪ್ರಕಾಶಕರ ಬೆನ್ನು ಹತ್ತೋರು. ದೊಡ್ಡ ಪ್ರಕಾಶಕರೂ ಈ ಪತ್ರಿಕೆಗೆ ಜಾಹೀರಾತು ಕೊಡೋ ಕಾಲ ಬಂತು.

– ಇದು ಚೆನ್ನಾಗಿದೆ. ಈ ಭಾಗವನ್ನ ನೀನು ಉದ್ದ ಬರೀಬೇಕು. ಸಭೆ ಮಾಡೋರು ಎಲ್ಲ ಕಡೆ ಇರ್ತಾರೆ. ಪುಸ್ತಕದ ವಾಪಸಾತಿ ಬಗ್ಗೆ ಒಂದು ವಾರ ಕೂತು ಮಾತಾಡೋರು ಅಪರೂಪ. ಜಗಳ ಆಗ್ಲಿಲ್ವಾ?

– ಜಗಳವಾ! ಎಷ್ಟೋ ಅಂಗಡಿಗಳಲ್ಲಿ ಯಜಮಾನಿ ಅಂತ ಯಾರೂ ಇರಲಿಲ್ಲ. ಎಲ್ಲರೂ ಒಪ್ಪಿದ ಮೇಲೇ ತೀರ್ಮಾನ.

– ಬಿಲ್ ಬುಕ್ ಅಚ್ಚು ಹಾಕಿಸೋಕೂ ಮೀಟಿಂಗಾ?

– ಅದಕ್ಕೂ! ಗಂಡಸರನ್ನ ಒಳಗೆ ಬಿಡಬೇಕಾ, ಗಂಡು ಬರೆದ ಪುಸ್ತಕ ಇಡಬೇಕಾ, ತಾಯಿಯ ಜೊತೆ ಬರೋ ಗಂಡುಮಗು ಎಷ್ಟು ವಯಸ್ಸಿನವರೆಗೆ ಮಗು. ಲಿಂಗ ಪರಿವರ್ತನೆ ಮಾಡಿಕೊಂಡ ಹೆಂಗಸರನ್ನ ಹೆಂಗಸರು ಅಂತ ಒಪ್ಪೋದರ ಬಗ್ಗೆ ಆ ಚಳವಳಿಯೊಳಗೆ ದೊಡ್ಡ ಒಡಕೇ ಇತ್ತು. ಈ ಅಂಗಡಿಗಳು ಎಲ್ಲರ ಮನೆ ಅಂತ ನಾನು ಬಣ್ಣ ಹಚ್ಚಿ ಬರೆದ್ರೆ ಅದು ಸುಳ್ಳು. ಇನ್ನು ಬಣ್ಣದ ಪ್ರಶ್ನೆ. ಬಾಗಿಲು ತೆರೆದಿದ್ದೇನೋ ನಿಜ, ಒಳಗೆ ಬಂದ ಕಪ್ಪು ಹೆಂಗಸಿಗೆ ತನ್ನ ಪುಸ್ತಕ ಎಲ್ಲಿ ಅಂತ ಕಾಣ್ತಿರಲಿಲ್ಲ. ಓಕ್‌ಲೆಂಡಿನ ಅಂಗಡೀಲಿ ಅದು ಹೊರಗೇ ಬಂತು. ಬೇರೆ ಬೇರೆ ಜನಾಂಗದ ಹೊಸ ಸದಸ್ಯೆಯರಿಗೂ ಹಳಬರಿಗೂ ಅಧಿಕಾರ ಯಾರದು ಅಂತ ಬಿರುಸಾಯಿತು. 1982ರಲ್ಲಿ ಒಂದು ದಿನ ಹಳಬರು ಬೀಗ ಬದಲಾಯಿಸಿದ್ರು, ನಾಲ್ವರು ಹೊರಗೆ ನಿಂತರು.

– ಅಯ್ಯೋ. ಬೀಗವಾ?

– ಬೀಗ. ವಿಷಯ ಮಧ್ಯಸ್ಥಿಕೆಗೆ ಹೋಯಿತು. ಕೊನೆಗೆ ಮೊಲೋಯ್, ವಿಲ್ಸನ್ ಹೊರಬಂದು 1983ರಲ್ಲಿ ಅದೇ ಊರಲ್ಲಿ ‘ಮಾಮಾ ಬೇರ್ಸ್’ ಅಂತ ಇನ್ನೊಂದು ಅಂಗಡಿ ತೆರೆದರು. ಊರೆಲ್ಲ ಎರಡು ಪಾಲು. ಯಾವ ಅಂಗಡೀಲಿ ಪುಸ್ತಕ ಕೊಂಡೆ ಅನ್ನೋದೇ ನೀನು ಯಾರ ಕಡೆ ಅಂತ ಹೇಳೋ ಹಾಗಾಯಿತು.

– ನಮ್ಮ ಸಾಹಿತಿಗಳು ಪ್ರಕಾಶಕರನ್ನ ಬದಲಾಯಿಸಿದ ಹಾಗೆ. ಈ ಬಣ್ಣದ ಜಗಳಗಳಿಂದ ಏನಾದ್ರೂ ಒಳ್ಳೇದಾಯ್ತಾ, ಬರೀ ಕಹಿಯೇನಾ?

– ಆಯಿತು. ಓಕ್‌ಲೆಂಡಿನ ಬೀಗಕ್ಕೂ ಮೊದಲೇ, 1980ರಲ್ಲಿ, ಕಪ್ಪು ಲೇಖಕಿಯರಾದ ಆಡ್ರಿ ಲಾರ್ಡ್, ಬಾರ್ಬರಾ ಸ್ಮಿತ್ ಮೊದಲಾದೋರು ‘ಕಿಚನ್ ಟೇಬಲ್’ ಅಂತ ತಮ್ಮದೇ ಪ್ರಕಾಶನ ಕಟ್ಟಿದರು. ಬಿಳಿಯರಲ್ಲದ ಹೆಂಗಸರದು, ಅವರಿಂದಲೇ ನಡೆದದ್ದು. ‘ದಿಸ್ ಬ್ರಿಡ್ಜ್ ಕಾಲ್ಡ್ ಮೈ ಬ್ಯಾಕ್’ ಅನ್ನೋ ಸಂಕಲನವನ್ನ 1981ರಲ್ಲಿ ಮೊದಲು ತಂದ ಪ್ರಕಾಶನ ಮುಚ್ಚಿಹೋದಾಗ 1983ರಲ್ಲಿ ಮತ್ತೆ ಅಚ್ಚು ಹಾಕಿಸಿ ಉಳಿಸಿದೋರು ಇವರೇ. ಅಂಗಡಿಯವರು ಕಪಾಟುಗಳನ್ನ ಮತ್ತೆ ಜೋಡಿಸೋಕೆ ಕೂತರು. ಕಪ್ಪು ಲೇಖಕಿಯರಿಗೆ ಬೇರೆ ಕಪಾಟು ಮಾಡಬೇಕಾ, ಎಲ್ಲರ ನಡುವೆ ಇಡಬೇಕಾ, ಎರಡೂ ಕಡೆ ಇಡಬೇಕಾ? ಟೊರಾಂಟೊದ ಹೆಂಗಸರ ಅಂಗಡಿಯಂತೂ ಕೊನೆಕೊನೆಗೆ ಬಿಳಿಯರಲ್ಲದ ಹೆಂಗಸರೇ ಮುಂದೆ ನಿಂತು ನಡೆಸಿದ ಅಂಗಡಿ. ಕ್ರಿಸ್ಟನ್ ಹೋಗನ್ ಅಂತ ಒಬ್ಬರು ಅಲ್ಲೂ ಆಸ್ಟಿನ್ನಿನ ‘ಬುಕ್‌ವುಮನ್’ನಲ್ಲೂ ಕೆಲಸ ಮಾಡಿದೋರು. 2016ರಲ್ಲಿ ಈ ಚಳವಳಿ ಬಗ್ಗೆ ಪುಸ್ತಕ ಬರೆದರು. ಅಂಗಡಿಗಳು ಯಾಕೆ ಮುಚ್ಚಿದವು ಅಂತಲೇ ಎಲ್ಲರೂ ಕೇಳ್ತಾರೆ, ಈ ಜಗಳಗಳಿಂದ ಅವರು ಏನು ಕಲಿತರು ಅಂತ ಯಾರೂ ಕೇಳೋಲ್ಲ ಅನ್ನೋದು ಅವರ ಆಕ್ಷೇಪ.

– ನೀನು ಒಪ್ತೀಯಾ?

– ಅರ್ಧ. ಕಲಿತದ್ದು ನಿಜ. ಆದ್ರೆ ಅದನ್ನ ಹೇಳೋ ಭರದಲ್ಲಿ ಗಲ್ಲಾ ಕಣ್ಮರೆ ಆಗಿಬಿಡುತ್ತೆ. ಸಂಘಗಳಲ್ಲೂ ಇವೇ ಜಗಳ ಆದವು, ಸಂಘಗಳು ಒಡೆದುಹೋದವು. ಅಂಗಡೀಲಿ ಜಗಳ ಆಡಿದೋರೂ ಮರುದಿನ ಹತ್ತು ಗಂಟೆಗೆ ಬಾಗಿಲು ತೆಗೀಲೇಬೇಕಿತ್ತು. ಗಿರಾಕಿ ಕಾಯ್ತಿರ್ತಾಳೆ. ಮಾರಾಟ ಅನ್ನೋದು ಅವರ ಆದರ್ಶಕ್ಕೆ ಅಂಟಿದ ಕೊಳೆ ಅಂತ ಆಗಿನವರಲ್ಲೇ ಎಷ್ಟೋ ಜನ ಅಂದ್ಕೊಂಡಿದ್ರು. ನನಗೆ ಅನ್ನಿಸೋದು ಅದರ ಉಲ್ಟಾ. ಮಾರಾಟ ಇದ್ದದ್ದರಿಂದಲೇ ಅಪರಿಚಿತಳಿಗೂ ಬಾಗಿಲು ತೆರೆದಿತ್ತು.

– ಬೆಂಗಳೂರಲ್ಲೂ ಒಂದು ಇತ್ತಲ್ಲ. ಸ್ತ್ರೀಲೇಖ.

– ವಿಮೋಚನಾ ಸಂಘಟನೆಯವರದು. 1980ರ ದಶಕದ ನಡುವೆ ಶುರುವಾದದ್ದು.

– ನಾನು ಹೋಗಿದ್ದೆ. ವರದಕ್ಷಿಣೆ ಸಾವುಗಳ ಬಗ್ಗೆ ಇವರೆಲ್ಲ ಬೀದಿಗಿಳಿದಿದ್ದ ಕಾಲ. ಬೇರೆ ಎಲ್ಲೂ ಸಿಗದ ಪುಸ್ತಕ ಇಟ್ಟಿದ್ರು. ನಮ್ಮ ಅಂಗಡಿ ಯಜಮಾನರಿಗೆ ಹೇಳಿದೆ, ಅಂಥವು ನಾಲ್ಕು ತರಿಸೋಣ ಅಂತ. ಯಾರು ಕೊಳ್ತಾರೆ ಅಂದ್ರು. ಸ್ತ್ರೀಲೇಖವನ್ನೂ ನಿನ್ನ ಥೀಸಿಸ್ಸಿಗೆ ಸೇರಿಸ್ತೀಯಾ?

– ಲೆಸ್ಬಿಯನ್ ಅಂಗಡಿ ಅಂತ ಅದನ್ನ ಸೇರಿಸೋಲ್ಲ, ಅದು ತಪ್ಪಾಗುತ್ತೆ. ಅದು ಇಲ್ಲಿನ ಹೆಂಗಸರ ಚಳವಳಿಯ ಕೂಸು. ಆದ್ರೆ 1984ರಿಂದ ಲಂಡನ್, ಓಸ್ಲೋ, ಮಾಂಟ್ರಿಯಲ್ ಹೀಗೆ ಎರಡೆರಡು ವರ್ಷಕ್ಕೊಮ್ಮೆ ಅಂತಾರಾಷ್ಟ್ರೀಯ ಸ್ತ್ರೀವಾದಿ ಪುಸ್ತಕ ಮೇಳ ನಡೀತಿತ್ತು. ಅದೇ 1984ರಲ್ಲಿ ದೆಹಲಿಯಲ್ಲಿ ಊರ್ವಶಿ ಬುಟಾಲಿಯಾ, ರಿತು ಮೆನನ್ ‘ಕಾಲಿ ಫಾರ್ ವಿಮೆನ್’ ಪ್ರಕಾಶನ ಶುರು ಮಾಡಿದರು. ಒಂದೇ ಗಾಳಿ ಎಲ್ಲ ಕಡೆ ಬೀಸ್ತಿತ್ತು ಅಂತ ಹೇಳೋ ಅಷ್ಟು ಇದೆ.

– ಲಂಡನ್ನಿನಲ್ಲಿ?

– 1978ರಲ್ಲಿ ಇಸ್ಲಿಂಗ್ಟನ್‌ನಲ್ಲಿ ‘ಸಿಸ್ಟರ್‌ರೈಟ್’. 1984ರಲ್ಲಿ ಚೇರಿಂಗ್ ಕ್ರಾಸ್ ರಸ್ತೇಲಿ ‘ಸಿಲ್ವರ್ ಮೂನ್’. ಆ ರಸ್ತೆ ಗೊತ್ತಲ್ಲ, ಪುಸ್ತಕದಂಗಡಿಗಳದೇ ರಸ್ತೆ. ಅಲ್ಲಿ ಜಾಗ ಸಿಕ್ಕಿದ್ದು ಗ್ರೇಟರ್ ಲಂಡನ್ ಕೌನ್ಸಿಲ್ ಅದನ್ನ ಪುಸ್ತಕದಂಗಡಿಗೇ ಅಂತ ಮೀಸಲಿಟ್ಟಿದ್ದರಿಂದ. ಜೇನ್ ಚಮ್ಲಿ, ಸೂ ಬಟರ್‌ವರ್ತ್ ನಡೆಸಿದರು. 2001ರಲ್ಲಿ ಮುಚ್ಚಿತು.

– ಬಾಡಿಗೆ.

– ಬಾಡಿಗೆ. ಅದರ ಜೊತೆಗೆ ಇನ್ನೊಂದು. ಬ್ರಿಟನ್ನಿನಲ್ಲಿ ಪುಸ್ತಕವನ್ನ ಮುದ್ರಿತ ಬೆಲೆಗಿಂತ ಕಮ್ಮಿಗೆ ಮಾರಬಾರದು ಅಂತ ಪ್ರಕಾಶಕರ ಒಪ್ಪಂದ ಇತ್ತು. 1995ರಲ್ಲಿ ದೊಡ್ಡ ಪ್ರಕಾಶಕರು ಅದರಿಂದ ಹೊರಬಂದರು, 1997ರಲ್ಲಿ ನ್ಯಾಯಾಲಯವೂ ಅದು ಕಾನೂನಿಗೆ ವಿರುದ್ಧ ಅಂದಿತು. ಆಮೇಲೆ ಸೂಪರ್‌ಮಾರ್ಕೆಟ್ಟಿನಲ್ಲೂ ಅರ್ಧ ಬೆಲೆಗೆ ಪುಸ್ತಕ.

– ಅಲ್ಲಿಗೆ ಮುಗೀತು. ಹೇಳ್ತೀನಿ ಕೇಳು. ಸಣ್ಣ ಅಂಗಡಿಗೆ ಪ್ರಕಾಶಕ ನೂರಕ್ಕೆ ಮೂವತ್ತೈದೋ ನಲವತ್ತೋ ಬಿಡ್ತಾನೆ. ಅದರಲ್ಲಿ ಬಾಡಿಗೆ, ಕರೆಂಟು, ಸಂಬಳ, ಕದ್ದುಹೋದದ್ದು, ಹರಿದುಹೋದದ್ದು. ದೊಡ್ಡೋನಿಗೆ ಅದೇ ಪ್ರಕಾಶಕ ಗುಟ್ಟಾಗಿ ಇನ್ನೊಂದೈದು ಜಾಸ್ತಿ ಕೊಟ್ಟ ಅಂತಿಟ್ಕೋ. ಆ ಐದನ್ನ ಅವನು ಗಿರಾಕಿಗೆ ಬಿಟ್ರೆ ಸಾಕು, ನೀನು ಎಷ್ಟೇ ಒಳ್ಳೆಯವಳಾದ್ರೂ ಗಿರಾಕಿ ಆ ಕಡೆ.

– ಅಮೆರಿಕದಲ್ಲಿ ಆದದ್ದೂ ಅದೇ. 1990ರ ದಶಕದ ಮೊದಲಲ್ಲಿ ಉತ್ತರ ಅಮೆರಿಕದಲ್ಲಿ ಇಂಥ ಅಂಗಡಿಗಳು 100ಕ್ಕೂ ಹೆಚ್ಚಿದ್ದವು. ಆ ಹೊತ್ತಿಗೆ ಬಾರ್ನ್ಸ್ ಅಂಡ್ ನೋಬಲ್, ಬಾರ್ಡರ್ಸ್ ಥರದ ಸರಣಿ ಅಂಗಡಿಗಳು ಊರೂರಿಗೆ ಬಂದವು. ಅವೂ ಒಂದು ಲೆಸ್ಬಿಯನ್ ಕಪಾಟು ಇಟ್ಟವು. ಈ ಹೆಂಗಸರು ಇಪ್ಪತ್ತು ವರ್ಷ ಪ್ರಕಾಶಕರ ಬೆನ್ನು ಹತ್ತಿ ಹುಟ್ಟಿಸಿದ ಪುಸ್ತಕಗಳನ್ನೇ ಅಲ್ಲಿ ರಿಯಾಯಿತಿ ಬೆಲೆಗೆ ಮಾರಿದರು. ದೊಡ್ಡವರಿಗೆ ಒಂದು ದರ, ನಮಗೆ ಒಂದು ದರ ಅಂತ ಸುದ್ದಿಪತ್ರದಲ್ಲಿ ಇವರು ಬರೀತಲೇ ಇದ್ದರು. 1994ರಲ್ಲಿ ಅಮೆರಿಕದ ಪುಸ್ತಕ ವ್ಯಾಪಾರಿಗಳ ಸಂಘ ಐದು ಪ್ರಕಾಶಕರ ಮೇಲೆ ದಾವೆ ಹೂಡಿತು, ನಾಲ್ಕು ವರ್ಷ ಬಿಟ್ಟು ಆ ಎರಡು ಸರಣಿಗಳ ಮೇಲೂ. ಅಷ್ಟರಲ್ಲಿ ತಡ ಆಗಿತ್ತು. ‘ಓಲ್ಡ್ ವೈವ್ಸ್ ಟೇಲ್ಸ್’ 1995ರಲ್ಲಿ ಮುಚ್ಚಿತು. ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ 1974ರಿಂದ ನಡೀತಿದ್ದ ‘ನ್ಯೂ ವರ್ಡ್ಸ್’ 2002ರಲ್ಲಿ. ಟೊರಾಂಟೊ ಅಂಗಡಿ 1983ರಲ್ಲಿ ಬೆಂಕಿ ಬಿದ್ದರೂ ಎದ್ದು ನಿಂತದ್ದು, 2012ರಲ್ಲಿ ಮುಚ್ಚಿತು.

– ಬೆಂಕಿ ಹೇಗೆ ಬಿತ್ತು?

– ಮಹಡಿ ಮೇಲೆ ಡಾಕ್ಟರ್ ಮಾರ್ಗೆಂಟೇಲರ್ ಅವರ ಗರ್ಭಪಾತದ ಕ್ಲಿನಿಕ್ ಇತ್ತು. ಅದನ್ನ ಸುಡೋಕೆ ಹಚ್ಚಿದ ಬೆಂಕಿ ಕೆಳಗಿನ ಅಂಗಡಿಗೆ ತಗುಲಿತು. ಬೆಂಕಿಯನ್ನ ತಡೆದುಕೊಂಡರು, ರಿಯಾಯಿತಿಯನ್ನ ತಡೆದುಕೊಳ್ಳೋಕೆ ಆಗಲಿಲ್ಲ.

– ಆ ಅಮೆಜಾನ್ ವ್ಯಾಜ್ಯ ಹೇಳ್ತೀನಿ ಅಂದಿದ್ದೆ.

– ಹೂಂ. ಇಂಟರ್‌ನೆಟ್ ಅಮೆಜಾನ್ ಬೆಳೀತಾ ಬಂದಹಾಗೆ ಮಿನಿಯಾಪೊಲಿಸ್ ಅಂಗಡಿಯ ಫೋನ್ ಬಿಡುವಿಲ್ಲದೆ ಹೊಡ್ಕೊಳ್ಳೋಕೆ ಶುರುವಾಯಿತು. ನನ್ನ ಪಾರ್ಸೆಲ್ ಎಲ್ಲಿ, ನನ್ನ ದುಡ್ಡು ವಾಪಸ್ ಕೊಡಿ ಅಂತ. 1999ರಲ್ಲಿ ಅಂಗಡಿಯವರು ಹೆಸರು ನಮ್ಮದು ಅಂತ ದಾವೆ ಹಾಕಿದರು. ಹೇಳಿಕೆ ತಗೊಳ್ಳುವಾಗ ಕಂಪನಿಯ ವಕೀಲರು ಅಂಗಡಿಯ ಹೆಂಗಸರನ್ನ ನೀವು ಲೆಸ್ಬಿಯನ್ನಾ ಅಂತ ಕೇಳಿದರು.

– ಹೆಸರಿನ ವ್ಯಾಜ್ಯಕ್ಕೂ ಅದಕ್ಕೂ ಏನು ಸಂಬಂಧ?

– ಅವರ ವ್ಯಾಪಾರವೇ ಬೇರೆ, ನಮ್ಮದೇ ಬೇರೆ, ಗಿರಾಕಿ ಗೊಂದಲ ಆಗೋ ಮಾತೇ ಇಲ್ಲ ಅಂತ ತೋರಿಸೋಕಂತೆ. ಯಾರೂ ಏನೂ ಕೇಳದೆ ಒಳಗೆ ಬರಬಹುದು ಅಂತ ಮೂವತ್ತು ವರ್ಷ ಬಾಗಿಲು ತೆರೆದೋರಿಗೆ ಆ ಪ್ರಶ್ನೆ! ನವೆಂಬರಿನಲ್ಲಿ ರಾಜಿ ಆಯಿತು. ಹೆಸರಿನ ಹಕ್ಕು ಕಂಪನಿಗೆ, ಅದನ್ನ ಬಳಸೋಕೆ ಪರವಾನಗಿ ಅಂಗಡಿಗೆ.

– ತನ್ನ ಮನೇಲಿ ತಾನೇ ಬಾಡಿಗೆಗಿದ್ದ ಹಾಗೆ.

– 2008ರಲ್ಲಿ ಅಂಗಡಿ ಕೈ ಬದಲಾದಾಗ ಹೆಸರೂ ಬದಲಾಗಿ ‘ಟ್ರೂ ಕಲರ್ಸ್’ ಆಯಿತು. 2012ರಲ್ಲಿ ಮುಚ್ಚಿತು. ಆಲಿಸನ್ ಬೆಕ್‌ಡೆಲ್ ಅಂತ ವ್ಯಂಗ್ಯಚಿತ್ರಕಾರ್ತಿ ಇದೇ ಅಂಗಡಿಯನ್ನ ಮಾದರಿಯಾಗಿಟ್ಟುಕೊಂಡು ತನ್ನ ಚಿತ್ರಸರಣೀಲಿ ‘ಮ್ಯಾಡ್‌ವಿಮಿನ್ ಬುಕ್ಸ್’ ಅಂತ ಒಂದು ಅಂಗಡಿ ಬರೆದಿದ್ದರು. ಆ ಕಥೆಯೊಳಗಿನ ಅಂಗಡಿಯನ್ನೂ ಅವರು ಉಳಿಸಲಿಲ್ಲ, ಸರಣಿ ಅಂಗಡಿಗಳ ಹೊಡೆತಕ್ಕೆ ಸಿಕ್ಕಿಸಿ ಮುಚ್ಚಿಸಿದರು.

– ಲೆಕ್ಕ ಗೊತ್ತಿರೋ ಕಲಾವಿದೆ. ಯಾವುದೂ ಉಳಿದಿಲ್ವಾ ಹಾಗಾದ್ರೆ?

– ಕೆಲವು ಉಳಿದಿವೆ. ಶಿಕಾಗೋದಲ್ಲಿ 1979ರ ‘ವಿಮೆನ್ ಅಂಡ್ ಚಿಲ್ಡ್ರನ್ ಫಸ್ಟ್’, ಕಟ್ಟಿದ ಇಬ್ಬರೂ 2014ರಲ್ಲಿ ತಮ್ಮ ಸಿಬ್ಬಂದಿಗೇ ಮಾರಿ ನಿವೃತ್ತರಾದರು. ನಮ್ಮ ಅಟ್ಲಾಂಟಾದ ‘ಚಾರಿಸ್’ 1974ರದು, ಲಿಂಡಾ ಬ್ರಯಂಟ್, ಬಾರ್ಬರಾ ಬೋರ್ಗ್‌ಮನ್ ಶುರು ಮಾಡಿದ್ದು. ಮೊದಲು ಅದರಲ್ಲಿದ್ದದ್ದು ಧರ್ಮಚಿಂತನೆ, ಮಕ್ಕಳ ಪುಸ್ತಕ. ಅಂಗಡಿಯ ಆಸುಪಾಸಿನಲ್ಲಿ ಲೆಸ್ಬಿಯನ್ ಸ್ತ್ರೀವಾದಿಗಳ ಸಂಘದ ಮನೆ ಇತ್ತು. ಅಲ್ಲಿಂದ ಬರ್ತಿದ್ದ ಗಿರಾಕಿಗಳೇ ಅಂಗಡಿಯನ್ನ ಬದಲಾಯಿಸಿಬಿಟ್ಟರು. 1996ರಲ್ಲಿ ಇವರು ಒಂದು ಜಾಣತನ ಮಾಡಿದರು. ಕಾರ್ಯಕ್ರಮ, ಓದು, ಬೆಂಬಲ ಗುಂಪು ಇವನ್ನೆಲ್ಲ ಬೇರೆ ಟ್ರಸ್ಟಿನ ಹಾಗೆ ಮಾಡಿ ‘ಚಾರಿಸ್ ಸರ್ಕಲ್’ ಅಂತ ಹೆಸರಿಟ್ಟರು. ದೇಣಿಗೆ ಆ ಕಡೆ, ಮಾರಾಟ ಈ ಕಡೆ.

– ಎರಡು ಖಾತೆ. ಇದನ್ನ ಎಲ್ಲರೂ ಮೊದಲೇ ಮಾಡ್ಬೇಕಿತ್ತು. ಸೋಫಾದ ಖರ್ಚು ಪುಸ್ತಕದ ಲಾಭದಿಂದ ಕಳೀತಾ ಹೋದ್ರೆ ಯಾವ ಅಂಗಡಿಯೂ ನಿಲ್ಲೋಲ್ಲ.

– 2019ರಲ್ಲಿ ಅವರು ಪಕ್ಕದ ಡಿಕೇಟರಿನ ಆಗ್ನೆಸ್ ಸ್ಕಾಟ್ ಅನ್ನೋ ಹೆಣ್ಣುಮಕ್ಕಳ ಕಾಲೇಜಿನ ಹತ್ರ ಹೋದರು. ಈಗ ಆ ಕಾಲೇಜಿನ ಪಠ್ಯಪುಸ್ತಕಗಳೂ ಅಲ್ಲೇ ಸಿಗ್ತವೆ.

– ಹಾಗಾದ್ರೆ ಜೂನ್, ಜುಲೈ ಗ್ಯಾರಂಟಿ ಮಾರಾಟ!

– ಅಲ್ಲಿ ಆಗಸ್ಟ್.

– ಯಾವ ತಿಂಗಳಾದ್ರೇನು. ಈಗಿನ ಹುಡುಗಿಯರಿಗೆ ಅಂಗಡಿ ಬೇಕಾ? ಎಲ್ಲ ಫೋನಿನಲ್ಲೇ ಸಿಗುತ್ತಲ್ಲ. ಇಲ್ಲೂ ಸಲಿಂಗ ಪ್ರೇಮ ಅಪರಾಧ ಅಂತಿದ್ದ ಆ 377ನೇ ಕಲಂ ಹೋಯಿತು.

– 2018ರಲ್ಲಿ. ಮದುವೆಯ ಹಕ್ಕನ್ನ ಮಾತ್ರ 2023ರಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಫೋನಿನಲ್ಲಿ ಸಿಗೋದೇನೋ ಸಿಗುತ್ತೆ. ಆದ್ರೆ ಆ ಫೋನನ್ನ ಅಣ್ಣ ತೆಗೆದು ನೋಡ್ತಾನೆ. ಹುಡುಕಿದ್ದು ಹಿಸ್ಟರೀಲಿ ಉಳಿಯುತ್ತೆ. ಪರಿಚಯ ಆಗ್ಬೇಕು ಅಂದ್ರೆ ಮೊದಲು ನಾನು ಯಾರು ಅಂತ ಬರ್ಕೊಂಡು ಫೋಟೋ ಹಾಕ್ಬೇಕು. ಅಂಗಡೀಲಿ ಸುಮ್ಮನೆ ನಿಂತು ಹೋಗೋ ಹಾಗೆ ಅಲ್ಲಿ ಆಗೋಲ್ಲ.

– ಅಂದ್ರೆ ಬಿಲ್ಲಿನಲ್ಲಿ ಹೆಸರು ಬರೀಲೇಬೇಕು.

– ಮೊದಲೇ ಬರೀಬೇಕು.

– ಹೂಂ. ಈ ಅಂಗಡಿಯವರ ಲೆಕ್ಕದ ಪುಸ್ತಕಗಳು ಎಲ್ಲಾದರೂ ಉಳಿದಿವೆಯಾ, ಇಲ್ಲಾ ರದ್ದಿಗೆ ಹೋದವಾ?

– ಚಾರಿಸ್‌ನ ಕಾಗದಪತ್ರ ಡ್ಯೂಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಪೆಟ್ಟಿಗೆ ಪೆಟ್ಟಿಗೆ. ನಾನು ನೋಡಿದ್ದು ಹೆಚ್ಚಾಗಿ ಪತ್ರ, ಫೋಟೋ, ಕಾರ್ಯಕ್ರಮದ ಕರಪತ್ರ. ಲೆಕ್ಕದ ಹಾಳೆ ಬಂದ್ರೆ ತಿರುವಿಬಿಡ್ತಿದ್ದೆ.

– ಅಲ್ಲೇ ಇರೋದು ನಿನ್ನ ಕಥೆ, ಅದನ್ನೇ ತಿರುವಿಬಿಟ್ಟೆಯಾ! ವಾಪಸು ಹೋದಮೇಲೆ ಆ ಹಾಳೆಗಳ ಫೋಟೋ ತೆಗೆದು ಕಳಿಸು. ಮಾರಾಟದ ಪಟ್ಟಿ ಆಮೇಲೆ ನೋಡೋಣ, ಮೊದಲು ಉದ್ರಿ ಖಾತೆ ಕಳಿಸು. ಯಾವ ಪ್ರಕಾಶಕನಿಗೆ ಎಷ್ಟು ಬಾಕಿ, ಯಾವ ವರ್ಷದಿಂದ ಕಂತು ತಪ್ಪೋಕೆ ಶುರುವಾಯಿತು, ಯಾರು ತಗಾದೆ ಮಾಡದೆ ಕಾದರು. ಕಾದೋರ ಹೆಸರು ಬೇರೆ ಬರ್ಕೋ.